ಬಾಲದ ರೋಟರ್ ಇಲ್ಲದ ಚಿನೂಕ್ ಅರವತ್ತು ವರ್ಷ ಬಾಳಿದ್ದು ಹೇಗೆ?

1961ರ ಸೆಪ್ಟೆಂಬರ್ 21ರಂದು ಮೊದಲ ಸಲ ಹಾರಿದ ಹೆಲಿಕಾಪ್ಟರ್ ಇವತ್ತಿಗೂ ಕಾರ್ಖಾನೆಯಲ್ಲಿ ಹೊಸದಾಗಿ ತಯಾರಾಗುತ್ತಿದೆ. ಚಿನೂಕ್‌ನ ಎಂಜಿನ್ ಬದಲಾಗಿದೆ, ನೆತ್ತಿಯ ಮೇಲೆ ತಿರುಗುವ ರೋಟರ್‌ನ ಅಲಗುಗಳು ಬದಲಾಗಿವೆ, ಕಾಕ್‌ಪಿಟ್ಟಂತೂ ಗುರುತೇ ಸಿಗದಷ್ಟು ಬದಲಾಗಿದೆ. ಆದರೆ ಮುಂದೊಂದು, ಹಿಂದೊಂದು ದೊಡ್ಡ ರೋಟರ್ ಎಂಬ ಮೂಲ ಕಟ್ಟು ಹಾಗೇ ಉಳಿದಿದೆ. ಅದರ ದೀರ್ಘಾಯುಷ್ಯದ ಗುಟ್ಟು ಆ ಕಟ್ಟಿನಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಸಾಮಾನ್ಯ ಹೆಲಿಕಾಪ್ಟರಿನ ರೋಟರ್ ಒಂದು ಕಡೆಗೆ ತಿರುಗಿದರೆ ಒಡಲು ಅದರ ವಿರುದ್ಧ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯಲೆಂದೇ ಬಾಲದಲ್ಲಿ ಚಿಕ್ಕ ರೋಟರ್ ಇಡುತ್ತಾರೆ. ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲು, ಭಾರ ಎತ್ತಬೇಕಾದದ್ದು, ಅಲ್ಲಿ ವ್ಯಯವಾಗುತ್ತದೆ. ಚಿನೂಕ್‌ನ ಎರಡು ರೋಟರ್‌ಗಳು ಒಂದಕ್ಕೊಂದು ವಿರುದ್ಧವಾಗಿ ತಿರುಗುವುದರಿಂದ ಈ ತಿರುಚುವಿಕೆ ತಾನಾಗಿಯೇ ರದ್ದಾಗುತ್ತದೆ. ಶಕ್ತಿಯೆಲ್ಲ ಎತ್ತುವುದಕ್ಕೇ ಸಿಗುತ್ತದೆ. ಇನ್ನೊಂದು ಲಾಭವೂ ಇದೆ. ಹಿಂದೆ ಮುಂದೆ ಇಬ್ಬರು ಹೆಗಲು ಕೊಟ್ಟು ಹೊರೆ ಹೊತ್ತ ಹಾಗೆ, ಸರಕು ಒಳಗೆ ಸ್ವಲ್ಪ ಆಚೀಚೆಯಾದರೂ ಯಂತ್ರ ಸಮತೋಲ ಕಳೆದುಕೊಳ್ಳುವುದಿಲ್ಲ. ಜೀಪು, ಫಿರಂಗಿಗಳನ್ನು ಅವಸರದಲ್ಲಿ ಹೇರುವ ಸೈನಿಕರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಈ ವಿನ್ಯಾಸವನ್ನು ಅಮೆರಿಕದಲ್ಲಿ ಬೆಳೆಸಿದವರು ಫ್ರಾಂಕ್ ಪಿಯಾಸೆಕಿ. 1940ರ ದಶಕದಲ್ಲಿ ಅವರು ಕಟ್ಟಿದ, ಬಾಳೆಹಣ್ಣಿನಂತೆ ಬಾಗಿದ ಹೆಲಿಕಾಪ್ಟರುಗಳಿಂದಲೇ ಈ ವಂಶ ಶುರು. ಅವರ ಕಂಪನಿ ಮುಂದೆ ವರ್ಟಾಲ್ ಎಂಬ ಹೆಸರು ಪಡೆದು, 1960ರಲ್ಲಿ ಬೋಯಿಂಗ್ ಪಾಲಾಯಿತು. ಅಮೆರಿಕದ ಸೇನೆಗೆ ಆಗ ಪಿಸ್ಟನ್ ಎಂಜಿನ್ನಿನ ಹಳೆಯ ಭಾರಿ ಹೆಲಿಕಾಪ್ಟರುಗಳ ಜಾಗಕ್ಕೆ ಟರ್ಬೈನ್ ಎಂಜಿನ್ನಿನದೊಂದು ಬೇಕಿತ್ತು. ವರ್ಟಾಲ್‌ನ ಮೊದಲ ಮಾದರಿಯನ್ನು ಸೇನೆ ಒಪ್ಪಲಿಲ್ಲ. ಅದು ದಾಳಿಗೆ ಸೈನಿಕರನ್ನು ಒಯ್ಯಲು ತೀರಾ ದೊಡ್ಡದು, ಭಾರ ಸಾಗಿಸಲು ತೀರಾ ಚಿಕ್ಕದು. ಅದು ನೌಕಾಪಡೆ ಮತ್ತು ಮರೀನ್ ಪಡೆಗಳ ಸೀ ನೈಟ್ ಎಂಬ ಹೆಲಿಕಾಪ್ಟರ್ ಆಯಿತು. ಅದಕ್ಕಿಂತ ದೊಡ್ಡ ಇನ್ನೊಂದು ಮಾದರಿ ಚಿನೂಕ್ ಆಯಿತು.

1965ರಲ್ಲಿ ಅದು ಅಮೆರಿಕ ಸೇನೆಯ ಫಸ್ಟ್ ಕ್ಯಾವಲ್ರಿ ಡಿವಿಷನ್ ಜೊತೆ ವಿಯೆಟ್ನಾಂಗೆ ಹೋಯಿತು. ರಸ್ತೆಯೇ ಇಲ್ಲದ ಗುಡ್ಡದ ನೆತ್ತಿಗೆ ಫಿರಂಗಿ, ಗುಂಡು, ನೀರು, ಊಟ ಎಲ್ಲವನ್ನೂ ಮುಟ್ಟಿಸುವ ಕೆಲಸ ಅದರ ಪಾಲಿಗೆ ಬಂತು. ಬಿಸಿಲಿನ, ಎತ್ತರದ ಜಾಗಗಳಲ್ಲಿ ಗಾಳಿ ತೆಳುವಾಗುವುದರಿಂದ ಮೊದಲ ಎಂಜಿನ್‌ಗಳು ಏದುಸಿರು ಬಿಟ್ಟವು. ಮುಂದಿನ ಬಿ, ಸಿ ಮಾದರಿಗಳು ಬಂದದ್ದು ಆ ಅನುಭವದಿಂದಲೇ. 1980ರ ದಶಕದಲ್ಲಿ ಹಳೆಯ ಒಡಲುಗಳನ್ನೇ ಬಿಚ್ಚಿ, ಮತ್ತೆ ಕಟ್ಟಿ ಡಿ ಮಾದರಿ ಮಾಡಿದರು.

ಹೊರೆಯನ್ನು ಕೆಳಗೆ ತೂಗುಹಾಕಿ ಒಯ್ಯುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಹೆಲಿಕಾಪ್ಟರ್ ತಲೆಯ ಮೇಲೆ ಕೆಲವೇ ಅಡಿ ಎತ್ತರದಲ್ಲಿ ನಿಂತಿರುತ್ತದೆ. ರೋಟರ್‌ನ ಗಾಳಿಗೆ ಮಣ್ಣು, ಕಲ್ಲಿನ ಚೂರು ಮುಖಕ್ಕೆ ರಾಚುತ್ತವೆ. ಹೊರೆಯ ಮೇಲೆ ನಿಂತ ಸೈನಿಕ ಕೊಕ್ಕೆಯನ್ನು ನೇರವಾಗಿ ಕೈಯಿಂದ ಮುಟ್ಟುವಂತಿಲ್ಲ. ಹಾರುವ ಒಡಲಿನಲ್ಲಿ ಸ್ಥಿರ ವಿದ್ಯುತ್ ಸೇರಿಕೊಂಡಿರುತ್ತದೆ. ನೆಲಕ್ಕೆ ತಂತಿ ಕೊಟ್ಟ ಕೋಲನ್ನು ಮೊದಲು ತಾಗಿಸಿ ಆ ವಿದ್ಯುತ್ತನ್ನು ಇಳಿಸಬೇಕು. ಮೇಲೆ ಇನ್ನೊಬ್ಬ ನೆಲದ ಕಿಂಡಿಯಲ್ಲಿ ಬೋರಲು ಮಲಗಿ, ಇನ್ನೆಷ್ಟು ಮುಂದೆ, ಎಷ್ಟು ಎಡಕ್ಕೆ ಎಂದು ಪೈಲಟ್‌ಗೆ ಹೇಳುತ್ತಿರುತ್ತಾನೆ. ಪೈಲಟ್‌ಗೆ ಆ ಕೊಕ್ಕೆ ಕಾಣುವುದೇ ಇಲ್ಲ.

ಇಂಥ ಒಂದು ಯಂತ್ರದ ಬೆಲೆ ಏನೆಂಬುದು ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಗೊತ್ತಾಯಿತು. ಮೇ 25ರಂದು ಅರ್ಜೆಂಟೀನಾದ ಎಕ್ಸೊಸೆಟ್ ಕ್ಷಿಪಣಿಗಳು ಬ್ರಿಟನ್ನಿನ ಅಟ್ಲಾಂಟಿಕ್ ಕನ್ವೇಯರ್ ಹಡಗಿಗೆ ಬಡಿದವು. ಮೂರು ಚಿನೂಕ್‌ಗಳು, ಬಿಡಿಭಾಗಗಳು, ಉಪಕರಣಗಳು ಎಲ್ಲ ಹೋದವು. ಆ ಹೊತ್ತಿಗೆ ಆಕಾಶದಲ್ಲಿದ್ದ ಬ್ರಾವೊ ನವೆಂಬರ್ ಎಂಬ ಚಿನೂಕ್ ಒಂದೇ ಉಳಿಯಿತು. ಸೈನಿಕರು ಭಾರ ಹೊತ್ತು ಜೌಗು ನೆಲದಲ್ಲಿ ದ್ವೀಪ ದಾಟಿ ನಡೆದರು. ಉಳಿದ ಆ ಒಂದು ಹೆಲಿಕಾಪ್ಟರ್ ಸುಮಾರು 1,500 ಸೈನಿಕರನ್ನೂ 600 ಟನ್ ಸರಕನ್ನೂ ಸಾಗಿಸಿತು. ಒಂದು ಸಲ ಒಂದೇ ಹಾರಾಟದಲ್ಲಿ 81 ಮಂದಿಯನ್ನು ನಿಲ್ಲಿಸಿಕೊಂಡು ಒಯ್ಯಿತು.

ಆದರೆ ಈ ವಿನ್ಯಾಸಕ್ಕೆ ತನ್ನದೇ ಅಪಾಯವಿದೆ, ಅದನ್ನು ಮುಚ್ಚಿಡಬಾರದು. ಎರಡು ರೋಟರ್‌ಗಳ ಅಲಗುಗಳು ಒಂದರ ಜಾಗದಲ್ಲಿ ಇನ್ನೊಂದು ಹಾಯುತ್ತವೆ. ಡಿಕ್ಕಿಯಾಗದಂತೆ ಅವುಗಳ ಹೆಜ್ಜೆ ಹೊಂದಿಸುವುದು ಗೇರ್‌ಗಳು ಮತ್ತು ಮಾಡಿನ ಮೇಲೆ ಹಾದುಹೋಗುವ ಶಾಫ್ಟ್. 1986ರ ನವೆಂಬರ್ 6ರಂದು ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ಬಳಿ ತೈಲ ಕಾರ್ಮಿಕರನ್ನು ಕರೆತರುತ್ತಿದ್ದ ನಾಗರಿಕ ಚಿನೂಕ್‌ನಲ್ಲಿ ಮುಂದಿನ ಗೇರ್ ಒಂದು ಮುರಿಯಿತು. ರೋಟರ್‌ಗಳ ಹೊಂದಾಣಿಕೆ ತಪ್ಪಿ ಅಲಗುಗಳು ಬಡಿದುಕೊಂಡವು. 47 ಮಂದಿಯಲ್ಲಿ 45 ಜನ ಸತ್ತರು.

ಭಾರ ಎತ್ತುವುದರಲ್ಲಿ ಚಿನೂಕ್ ಮೊದಲನೆಯದೇನಲ್ಲ. ರಷ್ಯಾದ ಎಂಐ-26 ಹೆಲಿಕಾಪ್ಟರ್ 20 ಟನ್ ಎತ್ತುತ್ತದೆ. ಚಿನೂಕ್‌ನದು ಅದರ ಅರ್ಧದಷ್ಟು. 2002ರಲ್ಲಿ ಅಫ್ಘಾನಿಸ್ತಾನದಲ್ಲಿ ಬಿದ್ದ ಚಿನೂಕ್ ಒಂದನ್ನು ಎತ್ತಿ ತಂದದ್ದೂ ಎಂಐ-26. ಚಿನೂಕ್‌ನ ಹೆಚ್ಚುಗಾರಿಕೆ ಇಕ್ಕಟ್ಟಿನ ಜಾಗದಲ್ಲಿದೆ. ಕಡಿದಾದ ಬೆಟ್ಟದ ಅಂಚಿಗೆ ಹಿಂದಿನ ಚಕ್ರಗಳನ್ನಷ್ಟೇ ಊರಿ, ಮೂತಿಯನ್ನು ಗಾಳಿಯಲ್ಲೇ ತೇಲಿಸಿಕೊಂಡು, ಹಿಂಬಾಗಿಲಿನಿಂದ ಜನರನ್ನು ಇಳಿಸಬಲ್ಲದು. ಭಾರತ 2015ರಲ್ಲಿ 15 ಚಿನೂಕ್‌ಗಳಿಗೆ ಒಪ್ಪಂದ ಮಾಡಿಕೊಂಡಾಗಲೂ ಹಿಮಾಲಯದ ನೆಲೆಗಳಿಗೆ ಹಗುರ ಫಿರಂಗಿಗಳನ್ನು ಮುಟ್ಟಿಸುವ ಯೋಚನೆಯಿತ್ತು. 2019ರ ಮಾರ್ಚ್‌ನಲ್ಲಿ ಚಂಡೀಗಢದಲ್ಲಿ ಅವುಗಳಲ್ಲಿ ಮೊದಲ ನಾಲ್ಕು ವಾಯುಪಡೆಗೆ ಸೇರಿದವು.

ಯುದ್ಧದ ಕಣಕ್ಕಾಗಿ ಕಟ್ಟಿದ ಇದೇ ಗುಣಗಳು ವಿಪತ್ತಿನಲ್ಲಿ ಜೀವ ಉಳಿಸಿವೆ. 2005ರ ಭೂಕಂಪದಲ್ಲಿ ರಸ್ತೆ ಕಡಿದುಹೋದ ಪಾಕ್ ಆಡಳಿತದ ಕಾಶ್ಮೀರದ ಕಣಿವೆಗಳಿಗೆ ಅಮೆರಿಕದ ಚಿನೂಕ್‌ಗಳು ನೆರವು ಹೊತ್ತವು. 2011ರ ಮಾರ್ಚ್‌ನಲ್ಲಿ ಜಪಾನಿನ ಚಿನೂಕ್‌ಗಳು ಫುಕುಶಿಮಾ ರಿಯಾಕ್ಟರ್ ಮೇಲೆ ಸಮುದ್ರದ ನೀರು ಸುರಿದವು. 2019ರಲ್ಲಿ ಇಂಗ್ಲೆಂಡಿನ ಟಾಡ್‌ಬ್ರೂಕ್ ಜಲಾಶಯದ ಕಟ್ಟೆ ಕುಸಿಯತೊಡಗಿದಾಗ ಜಲ್ಲಿ ಚೀಲಗಳನ್ನು ಇಳಿಸಿದ್ದೂ ಚಿನೂಕೇ.

1970ರ ದಶಕದಿಂದ ಸಿಎಚ್-53 ಎಂಬ ಭಾರಿ ಹೆಲಿಕಾಪ್ಟರುಗಳನ್ನು ಹಾರಿಸುತ್ತ ಬಂದ ಜರ್ಮನಿ, 2023ರಲ್ಲಿ ಅವುಗಳ ಬದಲಿಗೆ ಆರಿಸಿಕೊಂಡದ್ದು 60 ಹೊಸ ಚಿನೂಕ್‌ಗಳನ್ನು.