ಹಿಮ್ಮಡಿ ಮುಳ್ಳಲ್ಲ, ಹ್ಯಾಗ್ಲಂಡ್ ಉಬ್ಬು

ತಿಂಗಳ ಹಿಂದೆ ನಮ್ಮ ಅಣ್ಣನಿಗೆ ಕಾಲಿನ ಆಪರೇಷನ್ ಆಯಿತು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಯಾರೋ 'ಹಿಮ್ಮಡಿ ಮುಳ್ಳು ತೆಗೆಸಿದ್ದಾರೆ' ಅಂತ ಹಾಕಿದರು. ತಕ್ಷಣ ಒಬ್ಬರಿಂದ ಸಿಲಿಕಾನ್ ಪ್ಯಾಡಿನ ಫೋಟೋ, ಇನ್ನೊಬ್ಬರಿಂದ ಅಂಗಾಲಿನಡಿ ಬಾಟಲಿ ಉರುಳಿಸುವ ವಿಡಿಯೊ. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಅಣ್ಣನಿಗೆ ಇದ್ದದ್ದು ಮುಳ್ಳಲ್ಲ, ಹ್ಯಾಗ್ಲಂಡ್ ಉಬ್ಬು, ಅಂದರೆ ಹಿಮ್ಮಡಿ ಮೂಳೆ ಹಿಂದುಗಡೆ ಉಬ್ಬಿರುವುದು. ಎಷ್ಟು ಸಲ ಹೇಳಿದರೂ ಈ ಎರಡನ್ನೂ ಒಂದೇ ಮಾಡುತ್ತಾರೆ.

ಗೊಂದಲದ ಬೇರು 'ಹಿಮ್ಮಡಿ' ಪದದಲ್ಲೇ ಇದೆ. ಹಿಂದೆ ಅನ್ನುವುದರ 'ಹಿಂ', ಅದಕ್ಕೆ 'ಮಡ' ಸೇರಿ ಹಿಮ್ಮಡ, ಹಿಮ್ಮಡಿ. ಮಡ ಅಂದರೇನೇ ಪಾದದ ಹಿಂಭಾಗ. ತೆಲುಗಿನವರು ಇವತ್ತಿಗೂ ಮಡಮ ಅನ್ನುತ್ತಾರೆ. ಆದರೆ ನಾವು ನೆಲಕ್ಕೆ ತಾಗುವ ಅಡಿಭಾಗಕ್ಕೂ ಹಿಮ್ಮಡಿ ಅನ್ನುತ್ತೇವೆ, ಬೂಟಿನ ಹಿಂದಿನ ಅಂಚು ಉಜ್ಜುವ ಜಾಗಕ್ಕೂ ಅದನ್ನೇ ಅನ್ನುತ್ತೇವೆ. ಮುಳ್ಳು ಅಂತ ಜನ ಹೇಳೋದು ಸಾಮಾನ್ಯವಾಗಿ ಅಡಿಯಲ್ಲಿ ಮೂಳೆ ಚೂಪಾಗಿರುವುದಕ್ಕೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಚುಚ್ಚುವ ನೋವು ಅಂಗಾಲಿನ ದಪ್ಪ ಪಟ್ಟಿಯದು. ಎಕ್ಸ್‌ರೇಯಲ್ಲಿ ಮುಳ್ಳು ಕಂಡರೂ ಒಂದಿಷ್ಟೂ ನೋವಿಲ್ಲದ ಜನ ಎಷ್ಟೋ ಇದ್ದಾರೆ.

ಹ್ಯಾಗ್ಲಂಡ್ ಉಬ್ಬು ಇರೋದು ಹಿಂದೆ, ಸ್ವಲ್ಪ ಮೇಲೆ. ಸ್ವೀಡನ್ನಿನ ಮೂಳೆ ವೈದ್ಯ ಪ್ಯಾಟ್ರಿಕ್ ಹ್ಯಾಗ್ಲಂಡ್ 1928ರಲ್ಲಿ ಇದನ್ನು ವಿವರಿಸಿದರು. ಹಿಮ್ಮಡಿ ಮೂಳೆಯ ಮೇಲಿನ ಮೂಲೆ ಉಬ್ಬಿರುತ್ತದೆ. ಅದಕ್ಕೂ ಮೀನಖಂಡದಿಂದ ಇಳಿದು ಬರುವ ದಪ್ಪ ಹುರಿಗೂ ನಡುವೆ ನೀರಿನ ಪುಟ್ಟ ಚೀಲ ಇರುತ್ತದೆ. ಹೊರಗಿನಿಂದ ಗಟ್ಟಿ ಬೂಟು ಒತ್ತುತ್ತದೆ, ಒಳಗಿನಿಂದ ಮೂಳೆ ಒತ್ತುತ್ತದೆ, ಚೀಲ ಊದಿಕೊಳ್ಳುತ್ತದೆ. ಹೈಹೀಲ್ಡ್ ಪಂಪ್ ಶೂ ಹಾಕುವ ಹೆಂಗಸರಲ್ಲಿ ಜಾಸ್ತಿ ಕಂಡಿದ್ದಕ್ಕೆ ಇಂಗ್ಲಿಷಿನಲ್ಲಿ 'ಪಂಪ್ ಬಂಪ್' ಅಂತಲೂ ಹೆಸರು. ಅಣ್ಣನದು ಕಾರ್ಖಾನೆಯ ಸೇಫ್ಟಿ ಶೂ. ಅದರ ಹಿಂದಿನ ಅಂಚಿನ ಒಳಬಟ್ಟೆ ಒಂದೇ ಕಡೆ ಸವೆದು ತೂತಾಗಿತ್ತು, ಸರಿಯಾಗಿ ಉಬ್ಬಿನ ಎದುರಿಗೆ. ಭಾನುವಾರ ಚಪ್ಪಲಿ ಮೆಟ್ಟಿದರೆ ಅಷ್ಟು ನೋವೇ ಇರುತ್ತಿರಲಿಲ್ಲ.

ಇದನ್ನು ಆಣಿ ಅನ್ನೋದೂ ತಪ್ಪು. ಆಣಿ ಚರ್ಮದ್ದು, ಇದು ಮೂಳೆಯದು. ಬ್ಲೇಡಿನಿಂದ ಕೆರೆಯಲು ಹೋಗಬೇಡಿ.

ಆಪರೇಷನ್ ಎಲ್ಲರಿಗೂ ಬೇಕಾಗಲ್ಲ. ಹಿಂದೆ ಮೆತ್ತಗಿರುವ ಶೂ, ಒಳಗೆ ಹಿಮ್ಮಡಿ ಎತ್ತರಿಸುವ ಪ್ಯಾಡು, ಐಸು, ವ್ಯಾಯಾಮ ಅಂತ ಸುಮಾರು ಆರು ತಿಂಗಳು ನೋಡುತ್ತಾರೆ. ಹುರಿಯ ಹತ್ತಿರ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಲು ವೈದ್ಯರು ಹಿಂದೆಮುಂದೆ ನೋಡುತ್ತಾರೆ, ಹುರಿ ಹರಿಯುವ ಭಯ ಇರುತ್ತದೆ. ಯಾವುದಕ್ಕೂ ಬಗ್ಗದಿದ್ದರೆ ಉಬ್ಬಿದ ಮೂಳೆಯನ್ನು ಕತ್ತರಿಸಿ ನಯ ಮಾಡುತ್ತಾರೆ, ಊದಿದ ಚೀಲ ತೆಗೆಯುತ್ತಾರೆ.

'ಮೂಳೆ ಸ್ವಲ್ಪ ಕೆರೆಯೋದು ಅಷ್ಟೇ ಅಲ್ವಾ, ಹದಿನೈದು ದಿನಕ್ಕೆ ಓಡಾಡಬಹುದು' ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹದಿನೈದು ದಿನಕ್ಕೆ ಸಾಮಾನ್ಯವಾಗಿ ಹೊಲಿಗೆ ಬಿಚ್ಚುತ್ತಾರೆ, ಅಷ್ಟೇ. ಹುರಿ ಕೂಡ ಕೆಟ್ಟಿದ್ದರೆ ಅದನ್ನು ಮೂಳೆಯಿಂದ ಬಿಡಿಸಿ, ಕೆಟ್ಟ ಭಾಗ ತೆಗೆದು, ಮೂಳೆಯಲ್ಲಿ ಕೂರಿಸುವ ಮೊಳೆಯಂಥ ಪುಟ್ಟ ಆಂಕರ್‌ಗಳಿಂದ ಮತ್ತೆ ಮೂಳೆಗೆ ಕಟ್ಟುತ್ತಾರೆ. ಆಗ ಕಾಯಬೇಕಾದ್ದು ಆ ಹುರಿಗಾಗಿ. ಜನ ಅದನ್ನು ನರ ಅನ್ನುತ್ತಾರೆ, ಅದು ನರವಲ್ಲ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹಗ್ಗ ಅದು, ಮೂಳೆಗೆ ಅಂಟಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಗಾಯದ ಪಕ್ಕದಲ್ಲಿ ಹಾದುಹೋಗುವ ನಿಜವಾದ ನರ ಬೇರೆಯೇ ಇದೆ. ಅದಕ್ಕೆ ಪೆಟ್ಟಾದರೆ ಪಾದದ ಹೊರಬದಿ ಜೋಮು ಹಿಡಿಯುತ್ತದೆ. ವೈದ್ಯರು 'ನರದ ತೊಂದರೆ ಆಗಬಹುದು' ಅಂದಾಗ ಮನೆಯವರು ಹುರಿ ಅಂದುಕೊಂಡರೆ ಪೂರ್ತಿ ಮಾತೇ ತಿರುವುಮುರುವು.

ಆಪರೇಷನ್ ಆದಮೇಲೆ ಮೀನಖಂಡ ಊದಿ ನೋವು ಬಂದರೆ, ಉಸಿರು ಕಟ್ಟಿದಂತಾದರೆ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಕ್ತ ಹೆಪ್ಪುಗಟ್ಟಿರಬಹುದು. ಮಾಮೂಲಿ ಓಡಾಟಕ್ಕೆ ಕೆಲವು ತಿಂಗಳು ಬೇಕು, ಊತ ಪೂರ್ತಿ ಇಳಿಯಲು ಕೆಲವರಿಗೆ ವರ್ಷವೇ ಆಗುತ್ತದೆ.

ಅಣ್ಣನ ಹುರಿಯನ್ನೂ ಬಿಡಿಸಿ ಕಟ್ಟಿದ್ದಾರೆ. ಹಾಗಾಗಿ ಮೊಣಕಾಲುದ್ದದ ಬೂಟು ಹಾಕಿ, ಹಿಮ್ಮಡಿಯಡಿ ಒಂದರ ಮೇಲೊಂದು ಮೂರು ಬೆಣೆ ಇಟ್ಟಿದ್ದರು, ಹುರಿ ಎಳೆಯದಿರಲಿ ಅಂತ. ನಿನ್ನೆ ಮೊದಲನೆಯದನ್ನು ತೆಗೆದರು. ಇನ್ನೂ ಎರಡಿವೆ.