ಬೆಂಕಿ ಬಿದ್ದಾಗ ಲಿಫ್ಟ್ ಬೇಡವೆಂದರೆ ಮೆಟ್ಟಿಲಿಳಿಯಲಾಗದ ಅಮ್ಮನ ಗತಿಯೇನು?

ಪ್ರಶ್ನೆ: ಕಾಸರಗೋಡು ಪೇಟೆಯ ಒಂಬತ್ತು ಮಾಳಿಗೆಯ ಫ್ಲ್ಯಾಟಿನಲ್ಲಿ ನಮ್ಮದು ಏಳನೆಯ ಮಾಳಿಗೆ. ಬೆಂಕಿ ಬಿದ್ದರೆ ಲಿಫ್ಟ್ ಹತ್ತಬೇಡಿ ಎಂದು ಬೋರ್ಡ್ ಹಾಕಿದ್ದಾರೆ. ಆದರೆ ಅಗ್ನಿಶಾಮಕ ದಳದವರು ಲಿಫ್ಟಿನಲ್ಲೇ ಮೇಲೆ ಹೋಗುತ್ತಾರಂತೆ. ದುಬೈಯಲ್ಲಿ ಜನರನ್ನು ಲಿಫ್ಟಿನಲ್ಲೇ ಇಳಿಸುವ ಕಟ್ಟಡಗಳಿವೆ ಎಂದು ಅಲ್ಲಿರುವ ತಮ್ಮ ಹೇಳುತ್ತಾನೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಇಳಿಯಲಾಗದು. ನಾವೇನು ಮಾಡಬೇಕು?

ಉತ್ತರ: ಲಿಫ್ಟ್ ಹತ್ತಲೇಬೇಡಿ. ಅಮ್ಮನನ್ನೂ ಹತ್ತಿಸಬೇಡಿ. ಅವರಿಗೆ ಬೇರೆ ದಾರಿಯಿದೆ, ಅದನ್ನು ಈಗಲೇ ಗೊತ್ತುಮಾಡಿಕೊಳ್ಳಬೇಕು.

ಬೆಂಕಿ ಅನಾಹುತಗಳಲ್ಲಿ ಹೆಚ್ಚಿನವರ ಜೀವ ಹೋಗುವುದು ಹೊಗೆಯಿಂದ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಲಿಫ್ಟ್ ಓಡಾಡುವ ಶಾಫ್ಟ್ ಕೆಳಗಿನಿಂದ ಮೇಲಿನವರೆಗೂ ತಡೆಯಿಲ್ಲದ ಟೊಳ್ಳು. ಬಚ್ಚಲೊಲೆಯ ಹೊಗೆಕೊಳವೆಯಲ್ಲಿ ಏರಿದಂತೆ ಬಿಸಿ ಹೊಗೆ ಅದರಲ್ಲಿ ಏರುತ್ತದೆ. ಬಾಗಿಲು ಮುಚ್ಚಿದ್ದರೂ ಅಂಚಿನಲ್ಲಿ ಸಂದು ಇದ್ದೇ ಇರುತ್ತದೆ. ಹಾಗಾಗಿ ಎರಡನೆಯ ಮಾಳಿಗೆಯ ಹೊಗೆ ಏಳನೆಯ ಮಾಳಿಗೆಯ ಲಿಫ್ಟ್ ಬಾಗಿಲಿನಿಂದ ಹೊರಬರಬಹುದು. ಲಿಫ್ಟ್ ಚಲಿಸಿದರೆ ಆ ಹೊಗೆಯನ್ನು ಇನ್ನಷ್ಟು ದೂಡುತ್ತದೆ.

ಇನ್ನು ಯಂತ್ರದ ವಿಷಯ. ಬೆಂಕಿಯಿಂದ ವಯರಿಂಗ್ ಸುಟ್ಟರೆ, ಇಲ್ಲವೇ ಯಾರಾದರೂ ಮೈನ್ ಆಫ್ ಮಾಡಿದರೆ ಲಿಫ್ಟ್ ಎರಡು ಮಾಳಿಗೆಗಳ ನಡುವೆ ನಿಲ್ಲುತ್ತದೆ. ಬೆಂಕಿ ಆರಿಸುವ ನೀರು ಶಾಫ್ಟಿಗೆ ಇಳಿದು ಬಾಗಿಲಿನ ಲಾಕ್ ಸರ್ಕ್ಯೂಟ್ ಒದ್ದೆಯಾದರೂ ಅಷ್ಟೇ. ಬಾಗಿಲಿನಲ್ಲಿ ಕೈ ಸಿಕ್ಕದಂತೆ ಕಾಯುವ ಕಣ್ಣು, ಅಂದರೆ ಸೆನ್ಸರ್, ದಟ್ಟ ಹೊಗೆಯನ್ನು ಮನುಷ್ಯರೆಂದೇ ತಿಳಿಯುತ್ತದೆ. ಆಗ ತೆರೆದ ಬಾಗಿಲು ಮುಚ್ಚುವುದೇ ಇಲ್ಲ. ಬೆಂಕಿ ಬಿದ್ದ ಮಾಳಿಗೆಯಲ್ಲಿ ಯಾರೋ ಗಾಬರಿಯಿಂದ ಬಟನ್ ಒತ್ತಿ ಮೆಟ್ಟಿಲ ಕಡೆ ಓಡಿರಬಹುದು, ಲಿಫ್ಟ್ ನಿಮ್ಮನ್ನು ಹೊತ್ತುಕೊಂಡು ಅಲ್ಲೇ ಹೋಗಿ ಬಾಗಿಲು ತೆರೆಯುತ್ತದೆ. ಕರೆಂಟು ಹೋದರೆ ಬ್ಯಾಟರಿಯ ಬಲದಲ್ಲಿ ಹತ್ತಿರದ ಮಾಳಿಗೆಗೆ ಮುಟ್ಟಿಸುವ ಎ.ಆರ್.ಡಿ. ಇದೆಯಲ್ಲ ಎಂದು ಹಲವರು ಧೈರ್ಯದಿಂದಿರುತ್ತಾರೆ. ಹತ್ತಿರದ ಮಾಳಿಗೆ ಯಾವುದೆಂದು ಎ.ಆರ್.ಡಿ.ಗೆ ಗೊತ್ತು, ಬೆಂಕಿ ಎಲ್ಲಿದೆಯೆಂದು ಗೊತ್ತಿಲ್ಲ.

ಅಗ್ನಿಶಾಮಕ ದಳದವರು ಬಳಸುವುದು ಇದಕ್ಕೆಂದೇ ಸಜ್ಜಾದ ಫಯರ್ ಲಿಫ್ಟನ್ನು. 15 ಮೀಟರು ಹಾಗೂ ಅದಕ್ಕಿಂತ ಎತ್ತರದ ಕಟ್ಟಡವನ್ನು ರಾಷ್ಟ್ರೀಯ ಕಟ್ಟಡ ಸಂಹಿತೆ ಬಹುಮಹಡಿಯೆಂದು ಎಣಿಸುತ್ತದೆ. ಅಂಥ ಕಟ್ಟಡದ ಫಯರ್ ಲಿಫ್ಟಿಗೆ ಕನಿಷ್ಠ 545 ಕಿಲೋ, ಅಂದರೆ ಎಂಟು ಜನರ ಸಾಮರ್ಥ್ಯ, ಪ್ರತ್ಯೇಕ ವಿದ್ಯುತ್ ಲೈನು ಇರಬೇಕು. ನೆಲಮಟ್ಟದಿಂದ ತುದಿಯ ಮಾಳಿಗೆಗೆ ಒಂದು ನಿಮಿಷದೊಳಗೆ ಮುಟ್ಟಬೇಕು. ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿರುವ ಫಯರ್‌ಮ್ಯಾನ್ ಸ್ವಿಚ್ ಹಾಕಿದೊಡನೆ ಬೇರೆ ಕರೆಗಳೆಲ್ಲ ರದ್ದಾಗಿ ಲಿಫ್ಟ್ ನೇರ ಕೆಳಗಿಳಿಯುತ್ತದೆ. ಆಮೇಲೆ ಅದು ಒಳಗೆ ನಿಂತವರ ಕೈಯಲ್ಲಿರುತ್ತದೆ. ಬೆಂಕಿ ಎಲ್ಲಿದೆಯೆಂದು ಅವರಿಗೆ ಗೊತ್ತಿರುತ್ತದೆ, ಉಸಿರಾಟದ ಉಪಕರಣವೂ ಇರುತ್ತದೆ.

ನಿಮ್ಮ ತಮ್ಮ ಹೇಳಿದ್ದೂ ನಿಜ. ಬುರ್ಜ್ ಖಲೀಫಾದಲ್ಲಿ ತುರ್ತಿನಲ್ಲಿ ಜನರನ್ನು ಇಳಿಸಲೆಂದೇ ಸಜ್ಜುಮಾಡಿದ ಲಿಫ್ಟ್‌ಗಳಿವೆ, ನಡುನಡುವೆ ಆಶ್ರಯ ಮಾಳಿಗೆಗಳಿವೆ. ನಮ್ಮ ಊರಿನ ಫ್ಲ್ಯಾಟಿನ ಲಿಫ್ಟನ್ನು ಅದಕ್ಕೆ ಹೋಲಿಸಲಾಗದು.

ಈಗ ಅಮ್ಮನ ವಿಷಯ. ಬೆಂಕಿ ಬೇರೆ ಮಾಳಿಗೆಯಲ್ಲಿದ್ದು, ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಮನೆಯೊಳಗೇ ಉಳಿಯಿರಿ. ಮುಂಬಾಗಿಲು ಮುಚ್ಚಿ, ಅಡಿಯ ಸಂದಿಗೆ ಒದ್ದೆ ಮಾಡಿದ ಬೈರಾಸು ಒತ್ತಿ, ಎ.ಸಿ. ಆಫ್ ಮಾಡಿ. ಮುಂಬಾಗಿಲಿನಿಂದ ದೂರದ, ರಸ್ತೆಗೆ ಕಾಣುವ ಕೋಣೆಯಲ್ಲಿ ಅಮ್ಮನನ್ನು ಕೂರಿಸಿ ಆ ಬಾಗಿಲನ್ನೂ ಮುಚ್ಚಿ. 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ ಮಾಳಿಗೆ, ಫ್ಲ್ಯಾಟ್ ನಂಬರ್, ನಡೆಯಲಾಗದವರು ಇದ್ದಾರೆ ಎಂಬುದನ್ನು ಮೊದಲೇ ಹೇಳಿ. ಕಟ್ಟಡದ ಹೆಸರು, ರಸ್ತೆ, ಹತ್ತಿರದ ಗುರುತನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಬಾಗಿಲ ಹಿಂದೆ ಅಂಟಿಸಿಡಿ. ಗಾಬರಿಯಲ್ಲಿ ಸ್ವಂತ ವಿಳಾಸವೂ ಬಾಯಿಗೆ ಬರುವುದಿಲ್ಲ.

ಬೆಂಕಿ ನಿಮ್ಮ ಮನೆಯಲ್ಲೇ ಬಿದ್ದರೆ ಅಮ್ಮನನ್ನು ಹೊರತನ್ನಿ, ಬಾಗಿಲು ಎಳೆದುಕೊಳ್ಳಿ, ಮೆಟ್ಟಿಲಿಗೆ ಹೋಗಿ. ಗಟ್ಟಿ ಮರದ ಕುರ್ಚಿಯಲ್ಲಿ ಮುಖ ಕೆಳಗಿನ ಮೆಟ್ಟಿಲ ಕಡೆಗಿರುವಂತೆ ಕೂರಿಸಿ, ಎದೆಯ ಸುತ್ತ ಸೀರೆ ಸುತ್ತಿ ಕುರ್ಚಿಗೆ ಕಟ್ಟಿ. ಹಿಂದಿನವರು ಕುರ್ಚಿಯ ಬೆನ್ನು ಹಿಡಿದು ಹಿಂದಕ್ಕೆ ವಾಲಿಸಬೇಕು, ಮುಂದಿನವರು ಕಾಲುಗಳನ್ನು ಹಿಡಿಯಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡ, ಕಾಲು ಮಡಚಿಕೊಳ್ಳುತ್ತದೆ. ಹೊರುವ ಇಬ್ಬರು ಯಾರೆಂದು ನೆರೆಮನೆಯವರೊಂದಿಗೆ ಈಗಲೇ ಮಾತಾಡಿ, ಖಾಲಿ ಕುರ್ಚಿ ಹಿಡಿದು ಒಮ್ಮೆ ಇಳಿದು ನೋಡಿ. ತಿರುವು ಎಷ್ಟು ಇಕ್ಕಟ್ಟು ಎಂಬುದು ಆಗಲೇ ತಿಳಿಯುವುದು.

ಇವತ್ತೇ ಮೆಟ್ಟಿಲ ಬಾಗಿಲು ನೋಡಿ ಬನ್ನಿ. ಹೊಗೆ ತಡೆಯಲು ತಾನಾಗಿ ಮುಚ್ಚಿಕೊಳ್ಳುವ ಬಾಗಿಲದು. ಗಾಳಿ ಬರಲೆಂದು ಅದಕ್ಕೆ ಮುರಕಲ್ಲಿನ ತುಂಡೋ ಹೂಕುಂಡವೋ ಅಡ್ಡ ಇಟ್ಟಿದ್ದರೆ ತೆಗೆಯಿರಿ, ಯಾರ ಮನಸ್ಸಿಗೆ ಬೇಸರವಾದರೂ ಸರಿಯೇ. ಮುಂದಿನ ಸಲ ಲಿಫ್ಟ್ ಸರ್ವಿಸಿನವರು ಬಂದಾಗ ಅಸೋಸಿಯೇಶನ್‌ನವರು ಜತೆಗೆ ನಿಂತು ಫಯರ್‌ಮ್ಯಾನ್ ಸ್ವಿಚ್ ಹಾಕಿಸಿ ನೋಡಲಿ: ಎಲ್ಲೂ ನಿಲ್ಲದೆ ಕೆಳಗೆ ಬಂತೇ, ಬಾಗಿಲು ತೆರೆದೇ ಉಳಿಯಿತೇ, ಮೇಲಿನಿಂದ ಬಟನ್ ಒತ್ತಿದರೂ ಕದಲದೆ ನಿಂತಿತೇ? ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ ರಿಪೇರಿಯಾಗುವವರೆಗೆ ಸರ್ವಿಸ್ ರಿಪೋರ್ಟಿಗೆ ಸಹಿ ಹಾಕಬೇಡಿ.