ಶೆಡ್ಡಿನ ನೆಲ ಎತ್ತರಿಸುವ ಮುನ್ನ ಬಾಗಿಲು ನೋಡಿ

2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೂ ಸಿದ್ದಾಪುರ ಬಳಿಯ ಕರಡಿಗೋಡಿಗೂ ನುಗ್ಗಿದ ಮೇಲೆ ಕಾರ್ ಶೆಡ್ಡಿನ ನೆಲ ಎತ್ತರಿಸುವವರು ಜಾಸ್ತಿಯಾದರು. ಈಗ ಹೊಳೆಯಿಂದ ದೂರ ಇರುವವರೂ ಎತ್ತರಿಸುತ್ತಾರೆ, ಅಂಗಳದ ನೀರು ಒಳಗೆ ಬರುತ್ತದೆಂದು. ಗಾರೆಯವರು ನಾಲ್ಕಿಂಚು ಕಾಂಕ್ರೀಟ್ ಹಾಕಿ ಹೋದ ಮೇಲೆ ಬಾಗಿಲು, ಶಟರ್ ಕೆಲಸದ ನಮಗೆ ಫೋನ್: ‘ಅಣ್ಣಾ, ಶಟರ್ ಬೀಗ ಕೂರ್ತಿಲ್ಲ.’

ಕೂರುವುದು ಹೇಗೆ? ನೆಲದ ಕೊಂಡಿ ಕಾಂಕ್ರೀಟಿನಡಿ ಹೂತುಹೋಗಿರುತ್ತದೆ.

ಶಟರ್ ಉದ್ದವಾಯಿತು, ಎರಡು ಪಟ್ಟಿ ತೆಗೆದುಬಿಡಿ ಎನ್ನುತ್ತಾರೆ. ನಾಲ್ಕಿಂಚಿಗೆ ಅದು ಬೇಕಿಲ್ಲ. ಕೆಳಗಿಳಿಯದ ಭಾಗ ಮೇಲೆ ಸುರುಳಿಯಲ್ಲೇ ಉಳಿಯುತ್ತದೆ, ಅಷ್ಟೆ. ಪಟ್ಟಿ ತೆಗೆದರೆ ತೂಕ ಇಳಿಯುತ್ತದೆ, ಶಟರ್ ಎತ್ತಲು ನೆರವಾಗುವ ಸ್ಪ್ರಿಂಗಿನ ಬಿಗಿ ಮಾತ್ರ ಹಾಗೇ ಇರುತ್ತದೆ. ಆಗ ಶಟರ್ ತಾನಾಗಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಅರ್ಧಕ್ಕೆ ಎತ್ತಿ ಕೈಬಿಟ್ಟರೆ ಅಲ್ಲೇ ನಿಂತರೆ ಬಿಗಿ ಸರಿಯಿದೆ ಎಂದರ್ಥ. ಸ್ಪ್ರಿಂಗನ್ನು ಮನೆಯವರು ಬಿಚ್ಚಲೇಬಾರದು, ಕೈ ಮುರಿಯುವಷ್ಟು ಬಲ ಅದರಲ್ಲಿದೆ. ಮೋಟಾರ್ ಶಟರ್ ಆದರೆ ಕೆಳಗಿನ ಲಿಮಿಟ್, ಅಂದರೆ ಮೋಟಾರ್ ತಾನಾಗಿ ನಿಲ್ಲುವ ಜಾಗ, ಹೊಸದಾಗಿ ಕೂರಿಸದೆ ಸ್ವಿಚ್ ಮುಟ್ಟಬೇಡಿ. ನೆಲ ತಾಗಿದ ಮೇಲೂ ಮೋಟಾರ್ ತಿರುಗುತ್ತಲೇ ಇದ್ದರೆ ಪಟ್ಟಿಗಳು ಮಡಚಿಕೊಳ್ಳುತ್ತವೆ.

ಶಟರ್ ಜಾರುವ ಇಕ್ಕೆಲದ ಚಾನಲ್‌ಗಳ ಕೆಳತುದಿಯನ್ನು ಕಾಂಕ್ರೀಟ್ ಹಾಕುವ ಮೊದಲೇ ಕತ್ತರಿಸಿ. ಹೂತ ಚಾನಲ್‌ನಲ್ಲಿ ಮಳೆನೀರು ನಿಲ್ಲುತ್ತದೆ. ನಮ್ಮ ಮಳೆಗಾಲಕ್ಕೆ ಅದು ತುಕ್ಕು ಹಿಡಿಯಲು ಬಹಳ ಕಾಲ ಬೇಕಿಲ್ಲ. ಜೀಪಿನ ಮೇಲೆ ಕ್ಯಾರಿಯರ್ ಇದ್ದರೆ ಅದರ ಎತ್ತರವನ್ನೂ ಅಳೆಯಿರಿ. ನೆಲ ಏರಿದಷ್ಟೂ ಬಾಗಿಲಿನ ಎತ್ತರ ಕಡಿಮೆಯಾಗುತ್ತದೆ, ಇದು ಯಾರಿಗೂ ಮೊದಲು ಹೊಳೆಯುವುದಿಲ್ಲ.

ತೋಟದ ಹಳೇ ಶೆಡ್ಡುಗಳಲ್ಲಿ ಎರಡು ರೆಕ್ಕೆಯ ಮರದ ಬಾಗಿಲು. ಹೊರಗೆ ತೆರೆಯುವಂಥದಾದರೆ, ಒಳಗೆ ಮಾತ್ರ ನೆಲ ಏರಿದಾಗ ಬಾಗಿಲು ಮುಟ್ಟುವುದೇ ಬೇಡ. ಬಾಗಿಲು ಹೊಸ ನೆಲದ ಅಂಚಿಗೆ ಒರಗಿ ನಿಲ್ಲುತ್ತದೆ, ಎರಚಲಿಗೂ ತಡೆ. ಒಳಗೆ ತೆರೆಯುವುದಾದರೆ ಕತ್ತರಿಸಲೇಬೇಕು. ಆದರೆ ಕೆಳಗಿನ ಅಡ್ಡಪಟ್ಟಿಯಲ್ಲಿ ಹೆಚ್ಚು ತೆಗೆದರೆ ಜೋಡಣೆ ಸಡಿಲವಾಗಿ ಬಾಗಿಲು ಜೋಲುತ್ತದೆ. ಅಂಥಲ್ಲಿ ಪಟ್ಟಿಯನ್ನೇ ಮೇಲಕ್ಕೆ ಸರಿಸಿ ಕೂರಿಸಿ. ನಿಲುವಾಗಿ ಜೋಡಿಸಿದ ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಊದುತ್ತದೆ, ಉದ್ದಕ್ಕೆ ಊದುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಜುಲೈಯಲ್ಲಿ ಬಾಗಿಲು ಬಿಗಿಯಾದರೆ ಬುಡ ಕತ್ತರಿಸಬೇಡಿ, ಎರಡು ರೆಕ್ಕೆ ಸೇರುವಲ್ಲಿ ತೋಪಡಾ ಹಿಡಿದು ಹೆರೆಯಿರಿ. ಕತ್ತರಿಸಿದ ತುದಿ ನೀರು ಹೀರುತ್ತದೆ. ಅಂದೇ ಪ್ರೈಮರ್ ಬಳಿಯಿರಿ, ನಾಳೆಗೆ ಬಿಡಬೇಡಿ.

ನನ್ನನ್ನು ಮೊದಲೇ ಕರೆದವರಿಗೆ ನಾನು ಹೇಳುವುದು ಬೇರೆಯೇ: ಬಾಗಿಲಿನ ಗೆರೆಯಲ್ಲಿ ನೆಲ ಏರಿಸಲೇಬೇಡಿ. ಹಳೆಯ ಮಟ್ಟ ಹಾಗೇ ಇರಲಿ, ಹೊರಕ್ಕೆ ಸಣ್ಣ ಇಳಿಜಾರು ಕೊಡಿ. ಬಾಗಿಲಿನ ಒಳಗೆ ಮೂರು ಅಡಿಯಲ್ಲಿ ನಿಧಾನ ಏರಿಸಿ ನಾಲ್ಕಿಂಚಿಗೆ ತನ್ನಿ. ಕಾರು ಆರಾಮಾಗಿ ಹತ್ತುತ್ತದೆ, ಶಟರ್, ಕೊಂಡಿ, ಚಾನಲ್ ಯಾವುದನ್ನೂ ಮುಟ್ಟಬೇಕಿಲ್ಲ. ಸಂದಿಯಲ್ಲಿ ನುಸುಳಿದ ನೀರು ಆ ಏರಿಗೆ ತಾಗಿ ಹೊರಗೆ ಹರಿಯುತ್ತದೆ. ಗಾರೆಯವರಿಗೆ ಇದು ಸ್ವಲ್ಪ ಕಿರಿಕಿರಿ, ಸಮತಟ್ಟಾಗಿ ಎಳೆದು ಮುಗಿಸುವುದು ಅವರಿಗೆ ಸುಲಭ.

ಹೇಗೇ ಮಾಡಿದರೂ ಕಾಂಕ್ರೀಟ್ ಹಸಿಯಿರುವಾಗಲೇ ಬಾಗಿಲಿನ ಎರಡು ಮೂಲೆಗಳ ನಡುವೆ ರಸಮಟ್ಟ ಇಡಿಸಿ. ಅರ್ಧ ಇಂಚು ಓರೆಯಾದರೂ ಮರದ ಬಾಗಿಲನ್ನು ಗೆರೆ ಎಳೆದು ಓರೆಯಾಗಿ ಕತ್ತರಿಸಬಹುದು. ಶಟರಿನ ಕೆಳಪಟ್ಟಿಯಲ್ಲಿ ಅದು ಆಗದ ಮಾತು, ನೆಲವನ್ನೇ ಸರಿಪಡಿಸಬೇಕಾಗುತ್ತದೆ.